ತೂತಿಗೂ ದುಡ್ಡು ಕೊಟ್ಟ ಭಾವ

ಜಗತ್ತಿನಲ್ಲಿ ತೂತಿಗೆ ದುಡ್ಡು ಕೊಟ್ಟ ಗಿರಾಕಿಯನ್ನು ನೀವು ನೋಡಿದ್ದೀರಾ? ನೋಡಿಲ್ಲವಾದರೆ ಅಜ್ಜಂಪುರಕ್ಕೆ ಬನ್ನಿ. ಅಲ್ಲಿ ಒಬ್ಬರಿದ್ದಾರೆ, ನಮ್ಮ ಅಕ್ಕನನ್ನೇ ಮದುವೆಯಾಗಿದ್ದಾರೆ!

ನಾನು ತರೀಕೆರೆಯಲ್ಲಿ ಪಾತ್ರೆ ಅಂಗಡಿ ಇಟ್ಟವನು. ಸೈಕಲ್ಲಿನ ಹಿಂದೆ ಕೊಳಗ ಕಟ್ಟಿಕೊಂಡು ಸಿಂಗಟಗೆರೆ, ಯಗಟಿ ಸುತ್ತಿ ಮೇಲೆ ಬಂದವನು. ಹಿತ್ತಾಳೆಯನ್ನು ಅಂಗೈಯಲ್ಲಿಟ್ಟರೆ ಸಾಕು, ತೂಕ ಹೇಳುತ್ತೇನೆ. (ನೀವೂ ಕೇಳಿಟ್ಟುಕೊಳ್ಳಿ: ಕೊಡಪಾನ ಕೊಳ್ಳುವಾಗ ಮೊದಲು ತಳ ತಟ್ಟಿ ನೋಡಿ, ಆಮೇಲೆ ಬೆಲೆ ಕೇಳಿ. ಮೊದಲೇ ಬೆಲೆ ಕೇಳಿದವನ ಆಸೆ ಅಂಗಡಿಯವನಿಗೆ ಗೊತ್ತಾಗಿಬಿಡುತ್ತದೆ.) ಇಂಥ ನನ್ನ ಕೈಗೆ ಭಾವ ಒಂದು ದಿನ ಹಪ್ಪಳಕ್ಕಿಂತ ತೆಳ್ಳಗಿನ ಹಿತ್ತಾಳೆ ತಗಡು ಕೊಟ್ಟರು. ಅದರ ತುಂಬ ಕಿಟಕಿ, ಮೆಟ್ಟಿಲು, ಏಣಿಯಂಥ ಆಕಾರಗಳನ್ನು ಆಸಿಡ್ಡಿನಲ್ಲಿ ಕೊರೆದಿದ್ದರು. ಒಂದೊಂದನ್ನೂ ಕತ್ತರಿಸಿ, ಮಡಿಸಿ, ಬೆಸೆದರೆ ಹಳೆಯ ಕಾಲದ ಉಗಿಬಂಡಿಯ ಎಂಜಿನ್ ಗೇಣುದ್ದಕ್ಕೆ ತಯಾರಾಗುತ್ತದಂತೆ. ಹೊರದೇಶದಿಂದ ತರಿಸಿದ್ದು ಬೇರೆ!

ಬೆಲೆ ಕೇಳಿ ನಾನು ಕುಳಿತುಬಿಟ್ಟೆ.

"ಭಾವ, ಈ ದುಡ್ಡಿಗೆ ನಾನು ದೊಡ್ಡ ಹಂಡೇನೇ ಕೊಡ್ತಿದ್ದೆ. ಇದ್ರಲ್ಲಿ ಅರ್ಧ ಬರೀ ತೂತೇ ಇದೆಯಲ್ಲ!"

"ತೂತಿಗೇ ಕಣಪ್ಪಾ ಬೆಲೆ. ತಗಡು ಎಲ್ ಬೇಕಾದ್ರೂ ಸಿಗುತ್ತೆ," ಅಂದರು.

ಭಾವ ಮನೆಮನೆಯ ಕರೆಂಟ್ ಮೀಟರು ಓದಿ ನಿವೃತ್ತರಾದವರು. ಮಾತು ಕಡಿಮೆ, ಕೈ ಚುರುಕು. ಊಟದ ಮೇಜೇ ಕಾರ್ಖಾನೆಯಾಯಿತು. ಬಾಯ್ಲರು ದುಂಡಗಾಗಬೇಕಲ್ಲ? ಅಕ್ಕನ ಲಟ್ಟಣಿಗೆ ಮಾಯ! ಬೆಸುಗೆ ಆರುವ ತನಕ ತುಂಡುಗಳನ್ನು ಒತ್ತಿ ಹಿಡಿಯಲು ಅಕ್ಕನ ತಲೆಯ ಕ್ಲಿಪ್ಪು. ಕರೆ ತೊಳೆಯಲು ಅಕ್ಕನ ಹುಣಸೆಹಣ್ಣು. "ಇವರ ರೈಲಿಗೆ ಹುಳಿ ಸರಿಯಾಗಿದೆ, ನಮ್ಮ ಸಾರಿಗೇ ಇಲ್ಲ," ಎಂದು ಅಕ್ಕ ಬಡಿಸುವಾಗಲೆಲ್ಲ ಹೇಳುವಳು.

ಆ ಬೆಸುಗೆಯ ಕಥೆಯೋ! ಚಿಮಣಿ ಬೆಸೆದರೆ ಆ ಕಾವಿಗೆ ಪಕ್ಕದ ಹಿಡಿಕೆ ಕಳಚುತ್ತಿತ್ತು. ಹಿಡಿಕೆ ಬೆಸೆದರೆ ಚಿಮಣಿ ಬೀಳುತ್ತಿತ್ತು. ಪಂಚಾಯಿತಿಯಲ್ಲಿ ಬಹುಮತ ಕೂಡಿಸುವುದನ್ನು ನೋಡಿದ್ದೀರಲ್ಲ, ಥೇಟ್ ಹಾಗೆ.

ಒಂದು ಸಲ ಎಂಜಿನ್ನಿನ ಸೀಟಿ ಕಳೆದುಹೋಯಿತು. ಅದರ ಗಾತ್ರ ಒಂದು ಜೀರಿಗೆ ಕಾಳು! ಮೇಜಿನ ತುದಿಯಲ್ಲೇ ಅಕ್ಕ ಉಪ್ಪಿಟ್ಟಿಗೆ ರವೆ ಇಟ್ಟಿದ್ದಳು. ಮೂವರೂ ಕುಳಿತು ರವೆ ಜರಡಿ ಹಿಡಿದೆವು, ಚಾಪೆ ಕೊಡವಿದೆವು, ಕಸದ ಮೊರ ಕೆದಕಿದೆವು. ಕೊನೆಗೆ ಸಿಕ್ಕಿದ್ದು ಭಾವನ ಅಂಗಾಲಿನಲ್ಲಿ.

"ಅಷ್ಟೊತ್ತೂ ಚುಚ್ಚಲಿಲ್ವೇನ್ರೀ?" ಎಂದಳು ಅಕ್ಕ.

"ಚುಚ್ತಿತ್ತು. ಮೊದ್ಲು ಸೀಟಿ ಸಿಗ್ಲಿ, ಆಮೇಲೆ ಕಾಲು ನೋಡ್ಕೊಳೋಣ ಅಂತ ಸುಮ್ನಿದ್ದೆ."

ಅಂತೂ ಎಂಜಿನ್ ಮುಗಿಯಿತು. ಮೇಜಿನ ಸುತ್ತ ಹಾಸಿದ ಪುಟ್ಟ ಹಳಿಯ ಮೇಲೆ ಕಪ್ಪು ಬಣ್ಣ ಬಳಿಸಿಕೊಂಡು ಮಿರಮಿರ ಮಿಂಚುತ್ತಾ ಓಡಿತು.

"ಉಗಿ ಎಲ್ಲಿ ಭಾವ?" ಎಂದೆ.

"ಉಗಿ ಇಲ್ಲ, ಒಳಗೆ ಕರೆಂಟಿನ ಮೋಟಾರಿದೆ."

"ಹಂಗಾದ್ರೆ ಇದು ಮಿಕ್ಸಿ!" ಎಂದು ಅಕ್ಕ ತೀರ್ಪು ಕೊಟ್ಟಳು.

ತುಂಡುಗಳನ್ನೆಲ್ಲ ಕತ್ತರಿಸಿದ ಮೇಲೆ ತಗಡಿನ ಅಂಚು ಮಿಕ್ಕಿತ್ತು. ನನ್ನ ಕಣ್ಣು ಬಿಡುತ್ತದೆಯೇ? "ಅದನ್ನ ನಂಗೆ ಕೊಡಿ ಭಾವ, ಗುಜರಿ ಜೊತೆ ಹಾಕ್ತೀನಿ," ಎಂದೆ. "ಅದು ಬೇಕು," ಎಂದು ಭಾವ ಡಬ್ಬಿಗೆ ಹಾಕಿಕೊಂಡರು. ಜಿಪುಣರು ಅಂದುಕೊಂಡೆ!

ಅಷ್ಟರಲ್ಲಿ ಅಕ್ಕನ ಸಹನೆ ತೀರಿತ್ತು. "ಲೇ ತಮ್ಮಾ, ಮೇಜಿನ ಮೇಲೆ ಅದಿರ್ಬೇಕು, ಇಲ್ಲಾ ನಾವು ಉಣ್ಬೇಕು. ಯಾರಿಗಾದ್ರೂ ಮಾರ್ಸ್ಬಿಡೋ," ಎಂದಳು. ಭಾವ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಆಗ್ಲಿ," ಎಂದರು. ಅಷ್ಟೇ.

ವ್ಯಾಪಾರ ಅಂದಮೇಲೆ ನಾನು ಸುಮ್ಮನಿರುತ್ತೇನೆಯೇ? ಕಡೂರಿನ ಹೋಟೆಲ್ ಸಾಹುಕಾರರೊಬ್ಬರನ್ನು ಹಿಡಿದು ತಂದೆ. ಗಲ್ಲಾ ಪಕ್ಕ ಗಾಜಿನ ಪೆಟ್ಟಿಗೆಯಲ್ಲಿಡಲು ಅವರಿಗೆ ಇಂಥದ್ದೇ ಬೇಕಿತ್ತಂತೆ. ಅವರು ಕೈಯಲ್ಲಿ ತೂಗಿ ನೋಡಿ, "ಇದ್ರಲ್ಲಿ ಹಿತ್ತಾಳೆ ಎಷ್ಟಿದೆ ಮಹಾ?" ಎಂದರು.

"ಹಿತ್ತಾಳೆ ಎಲ್ ಬೇಕಾದ್ರೂ ಸಿಗುತ್ತೆ ಸಾಹುಕಾರ್ರೇ, ತೂತಿಗೇ ಬೆಲೆ!" ಎಂದೆ ನಾನು, ಒಂದಿಷ್ಟೂ ನಾಚದೆ.

ಮೂರು ಲೋಟ ಕಾಫಿಯಲ್ಲಿ ವ್ಯಾಪಾರ ಕುದುರಿತು. ಸಾಹುಕಾರರು ಕೊನೆಯದಾಗಿ ಎಂಜಿನ್ ಎತ್ತಿ ಒಳಗೆ ಇಣುಕಿದರು. "ಡ್ರೈವರ್ ಪಕ್ಕದಲ್ಲಿ ಇದ್ಯಾರ್ರೀ, ಹೆಂಗ್ಸು?"

ಅಕ್ಕ ಕನ್ನಡಕ ಹಾಕಿಕೊಂಡು ಬಗ್ಗಿದಳು. ಉಗುರಿನಷ್ಟೆತ್ತರದ ಹಿತ್ತಾಳೆಯ ಹೆಣ್ಣು. ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಮೇಲೆತ್ತಿ ಸೀಟಿಯ ಹಗ್ಗ ಹಿಡಿದಿದ್ದಾಳೆ. ನಾನು ಗುಜರಿಗೆ ಕೇಳಿದ ಅಂಚಿನಿಂದ ಕತ್ತರಿಸಿದ್ದು!

"ಇವ್ಳ್ಯಾರ್ರೀ?"

ಭಾವನ ಕಿವಿ ಕೆಂಪಾಯಿತು. "ನೀನೇ ಕಣೇ. ಮದ್ವೆಯಾಗಿ ತರೀಕೆರೆಯಿಂದ ಕರ್ಕೊಂಡ್ ಬರುವಾಗ, ಬೀರೂರಲ್ಲಿ ಗಾಡಿ ಬದಲಾಯಿಸ್ದಾಗ, ಒಂದೇ ಒಂದ್ಸಲ ಎಂಜಿನ್ ಹತ್ತಿ ಸೀಟಿ ಹೊಡೀಬೇಕು ಅಂತ ನೀನಂದಿದ್ದೆ. ಡ್ರೈವರನ್ನ ಕೇಳೋಕೆ ನಂಗೆ ನಾಚ್ಕೆ ಆಯ್ತು."

"ಮತ್ತೆ ಮಾರೋಕ್ಯಾಕೆ ಒಪ್ಪಿದ್ರಿ?"

"ಮಾರ್ಬಿಡಿ ಅಂದವಳೂ ನೀನೇ ಅಲ್ವಾ. ಅವತ್ತು ಕೇಳಿದ್ದು ನಡೆಸ್ಲಿಲ್ಲ, ಇದನ್ನಾದ್ರೂ ನಡೆಸೋಣ ಅಂತ..."

ಅಕ್ಕ ಎಂಜಿನ್ನನ್ನು ಮೆಲ್ಲಗೆ ತೆಗೆದುಕೊಂಡು ಮತ್ತೆ ಹಳಿಯ ಮೇಲಿಟ್ಟಳು. ಸಾಹುಕಾರರ ಕೈ ಜೇಬಿಗೆ ಹೋಗುತ್ತಿತ್ತು.

"ಸಾಹುಕಾರ್ರೇ, ಒಂದ್ಮಾತು," ಎಂದೆ. "ಆಗ ಹೇಳಿದ್ದು ಬರೀ ಎಂಜಿನ್ ಬೆಲೆ. ಹೆಣ್ಮಗಳದ್ದು ಬೇರೆ." ಮತ್ತು ಆ ಬೆಲೆ ಹೇಳಿದೆ. ಜೇಬಿಗೆ ಹೋದ ಅವರ ಕೈ ಅಲ್ಲೇ ನಿಂತಿತು.

"ಅಷ್ಟಕ್ಕೆ ನಿಜವಾದ ಎಂಜಿನ್ನೇ ಬರುತ್ತಲ್ರೀ!"

"ಹಂಗಾದ್ರೆ ಅದನ್ನೇ ತಗೊಳ್ಳಿ ಸ್ವಾಮಿ."

ದಡದಡ ಎದ್ದು ಹೋದರು. ಕುದುರಿದ ವ್ಯಾಪಾರವನ್ನು ಕೈಯಾರೆ ಕೆಡಿಸಿ ಹಿಗ್ಗಿದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. (ಗಿರಾಕಿಯನ್ನು ಓಡಿಸುವ ವಿದ್ಯೆಯನ್ನೂ ಕಲಿತಿರಿ, ಬೇಕಾಗುತ್ತದೆ.)

ಅಕ್ಕ ಚಾಪೆ ತಂದು ಹಾಸಿ, ಮೂರು ತಟ್ಟೆಗಳನ್ನೂ ನೆಲಕ್ಕೇ ಇಟ್ಟಳು. ಮೇಜಿನ ಮೇಲೆ ಎಂಜಿನ್ ಸುತ್ತುತ್ತಿತ್ತು. ಬಡಿಸುತ್ತಾ ಬಡಿಸುತ್ತಾ ಅದರ ಕಡೆ ನೋಡಿ, "ಸೆರಗು ಒಂಚೂರು ಗಿಡ್ಡ ಆಯ್ತು ಕಣ್ರೀ," ಎಂದಳು.

ಭಾವ ಅನ್ನ ಕಲಸುತ್ತಾ, ತಲೆ ಎತ್ತದೆ ಹೇಳಿದರು: "ತಗಡು ಇನ್ನೂ ಮಿಕ್ಕಿದೆ ಕಣೇ."