ಬೇಡ ಎನ್ನದಿದ್ದರೆ ಒಪ್ಪಿದಂತಲ್ಲವೆಂದು ನಮ್ಮವ್ವನಿಗೆ ತಿಳಿಹೇಳುವ ಬಗ್ಗೆ

ಇಂದ,
ಚಿತ್ರಾ ಜಿ., ಬಿ.ಎಸ್ಸಿ. ಎರಡನೇ ವರ್ಷ,
ಹೊಳವನಹಳ್ಳಿ, ಕೊರಟಗೆರೆ ತಾಲ್ಲೂಕು.

ಗೆ,
ವೇದಾವತಿ ಮೇಡಂ,
ಸಂಖ್ಯಾಶಾಸ್ತ್ರ ಉಪನ್ಯಾಸಕರು.

ವಿಷಯ: ತಮ್ಮ ಪಾಠದಿಂದ ನಿಶ್ಚಯವಾಗಿರುವ ನನ್ನ ಮದುವೆಯನ್ನು ತಮ್ಮ ಪಾಠದಿಂದಲೇ ಬಿಡಿಸಿಕೊಡುವ ಕುರಿತು.

ಉಲ್ಲೇಖ: ಮಂಗಳವಾರದ ತಮ್ಮ ಹೈಪಾಥಿಸಿಸ್ ಟೆಸ್ಟಿಂಗ್ ತರಗತಿ, ಗುರುವಾರ ನಮ್ಮ ಮನೆಯಲ್ಲಿ ನಡೆದ ಹೆಣ್ಣು ನೋಡುವ ಶಾಸ್ತ್ರ.

ಮಾನ್ಯರೇ,

ಸಿಟ್ಟು ಸಂಕಟ ಎರಡನ್ನೂ ಅದುಮಿಕೊಂಡು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಯಾವುದೇ ಮಾತನ್ನು ಮೊದಲು ನಿಜವೆಂದು ಇಟ್ಟುಕೊಳ್ಳಬೇಕು, ಸುಳ್ಳೆನ್ನಲು ಪುರಾವೆ ಸಾಲದಿದ್ದರೆ "ತಿರಸ್ಕರಿಸಲಾಗಿಲ್ಲ" ಎನ್ನಬೇಕು ಎಂದು ಕಲಿಸಿದಿರಿ. "ಒಪ್ಪಿದೆ" ಎಂದು ಬರೆದ ನನಗೆ ಎಲ್ಲರೆದುರು ಸೊನ್ನೆ ಕೊಟ್ಟಿರಿ.

೨. ತಾವರೆಕೆರೆಯ ಚಿಕ್ಕರಾಜು ಎಂಬ ವರ ಬಂದು, ಖಾರಾಬಾತ್ ತಿಂದು, ನಮ್ಮ ಫ್ಯಾನನ್ನು ಮೆಚ್ಚಿ ಕೂತರು. ಹಟ್ಟಿಯ ಯಜಮಾನರಾದ ಅಡವಯ್ಯನವರು, "ಹುಡ್ಗ ಒಳ್ಳೇವ್ನು ಕಣಮ್ಮ, ಏನಂತೀಯ?" ಎಂದರು. ಒಂದು ತಟ್ಟೆ ಖಾರಾಬಾತಿನಿಂದ ಏನು ತಿಳಿಯುತ್ತದೆ? ಆದಕಾರಣ, ಕಲಿತದ್ದನ್ನು ನಿಯತ್ತಾಗಿ ಹೇಳಿದೆ: "ತಿರಸ್ಕರಿಸಲು ಸದ್ಯಕ್ಕೆ ಸಾಕಷ್ಟು ಪುರಾವೆ ಇಲ್ಲ." ಓದಿದ್ದೇ ಮುಳುವಾಯಿತು.

೩. ನನ್ನ ತಾಯಿ ಹೊನ್ನಕ್ಕನವರು, "ಬ್ಯಾಡ ಅಂದಿಲ್ಲ! ಅಂದ್ಮೇಲೆ ಒಪ್ಬುಟ್ಟವ್ಳೆ. ಎಲೆ ಅಡ್ಕೆ ತಕ್ಕಬನ್ನಿ" ಎಂದು ಕೂಗಿದರು. ತಂದೆ ಗಂಗಣ್ಣನವರು ತಂದೇಬಿಟ್ಟರು. ಎಲೆ ಅಡಿಕೆ ಕೈ ಬದಲಾದರೆ ನಮ್ಮಲ್ಲಿ ಮಾತು ಮುಗಿದಂತೆ. ಬರುವ ಭಾನುವಾರ ಹೂ ಮುಡಿಸುವ ಶಾಸ್ತ್ರ.

೪. ಬೇಡ ಎನ್ನದಿರುವುದು, ಒಪ್ಪುವುದು ಎರಡೂ ಬೇರೆ ಬೇರೆ ಎಂದು ಅಳುತ್ತಾ ಹೇಳಿದೆ. ಅವ್ವ, "ಬ್ಯಾಡ ಅನ್ನೋದೊಂದು, ಊಂ ಅನ್ನೋದೊಂದು. ಮಧ್ಯದಾಗೆ ಇನ್ನೇನೇ ಐತೆ?" ಎಂದರು. ಆ ಮಧ್ಯದಲ್ಲೇ ನಾನಿರುವುದು ಮೇಡಂ. ನಾನು ಡಿಗ್ರಿ ಮುಗಿಸಬೇಕು. ಆದರೆ ನಮ್ಮ ಮನೆಯಲ್ಲಿ ಮೊದಲೇ ನಿಜವೆಂದು ಇಟ್ಟುಕೊಂಡಿರುವ ಮಾತು ಒಂದೇ, ಹೆಣ್ಣಿಗೆ ಮದುವೆ. ಸುಳ್ಳೆನ್ನಲು ಪುರಾವೆ ನಾನೇ ತರಬೇಕಂತೆ.

೫. ಒಳ್ಳೆಯವನನ್ನು ಬೇಡವೆಂದರೆ ಅದು ತಾವು ಕಲಿಸಿದ ಮೊದಲ ಬಗೆಯ ತಪ್ಪು. ಹೋಗಲಿ, ಇನ್ನೊಬ್ಬ ಸಿಗುತ್ತಾನೆ. ತಕ್ಕವನಲ್ಲದವನನ್ನು ಬಿಡದಿದ್ದರೆ ಎರಡನೇ ಬಗೆಯ ತಪ್ಪು. ಆ ತಪ್ಪಿಗೆ ಎರಡು ಹೊತ್ತೂ ಮುದ್ದೆ ಕಟ್ಟಬೇಕು.

ಆದ್ದರಿಂದ ತಾವು ಶನಿವಾರ ಖುದ್ದು ನಮ್ಮ ಮನೆಗೆ ಬಂದು, ಸದರಿ ವ್ಯತ್ಯಾಸವನ್ನು ನಮ್ಮವ್ವನಿಗೆ ಕನ್ನಡದಲ್ಲಿ, ಸ್ವಲ್ಪ ಗಟ್ಟಿ ದನಿಯಲ್ಲಿ ಬೋಧಿಸಬೇಕೆಂದು ಕೋರುತ್ತೇನೆ.

ತಮ್ಮ ಪಾಠ ನಂಬಿ ಕೆಟ್ಟ ವಿಶ್ವಾಸಿ,
ಚಿತ್ರಾ

ಲಗತ್ತು:
೧. ಸೊನ್ನೆ ಬಂದ ಉತ್ತರಪತ್ರಿಕೆ.
೨. ವೀಳ್ಯದೆಲೆ, ಒಂದು, ಬಾಡಿದ್ದು.

ವಿ.ಸೂ.: ಬರುವುದಿಲ್ಲ ಎಂದು ತಾವು ತಿಳಿಸದಿದ್ದಲ್ಲಿ, ನಮ್ಮ ಮನೆಯ ಕಾನೂನಿನ ಪ್ರಕಾರ ಒಪ್ಪಿದ್ದೀರಿ ಎಂದೇ ಅರ್ಥ. ಅವ್ವ ಆಗಲೇ ತಮ್ಮ ಊಟಕ್ಕೆಂದು ಕೋಳಿ ಹಿಡಿದು ಕುಕ್ಕೆಯಡಿ ಮುಚ್ಚಿದ್ದಾಳೆ.