ಮಾನಪತ್ರಕ್ಕೆ ಬಿದ್ದ ಕೆಂಪು ಗೆರೆ

ಹೇಳಿದ ಕೆಲಸ ಮಾಡದ ಆಳನ್ನು ಹೇಗಾದರೂ ಸುಧಾರಿಸಬಹುದು. ಹೇಳದ ಕೆಲಸವನ್ನೂ ಮಾಡಿಬಿಡುವ ಆಳಿನ ಕೂಡೆ ಏಗುವುದು ಕಷ್ಟ. ಚಿರೇಕಲ್ಲಿನ ಗೋಡೆ ಕಟ್ಟಿಸುತ್ತಲೇ ತಲೆ ನರೆತವನು ನಾನು. ಕಿಟಕಿಗೆ ಜಾಗ ಬಿಡು ಎಂದರೆ ಬಾಗಿಲಿಗೂ ಬಿಟ್ಟವರನ್ನು ಕಂಡಿದ್ದೇನೆ. ಅಂಥವರನ್ನು ನಾಲ್ಕು ಮಾತು ಬೈದು, ಆಮೇಲೆ ಚಹಾ ಕುಡಿಸಿ ದಾರಿಗೆ ತರಬಹುದು. ಆದರೆ ಮಗಳ ಲ್ಯಾಪ್‌ಟಾಪಿನೊಳಗೆ ಕೂತಿರುವ ಆಳಿಗೆ ಬೈಗುಳವೂ ತಾಗುವುದಿಲ್ಲ, ಚಹಾವೂ ಬೇಡ.

ನನಗೆ ಕರಣೆ ಹಿಡಿಯಲು ಕಲಿಸಿದವರು ಶಿರಾಲಿಯ ತಿಮ್ಮಪ್ಪ ಮೇಸ್ತ್ರಿ. ಭಟ್ಕಳದಿಂದ ಕುಮಟೆಯವರೆಗೆ ಅವರು ಕಟ್ಟಿದ ಮನೆಗಳು ಇವತ್ತಿಗೂ ಎದೆ ಸೆಟೆಸಿ ನಿಂತಿವೆ. ಹಳದೀಪುರದ ಗಾರೆ ಕೆಲಸದವರೆಲ್ಲ ಸೇರಿ ಅವರಿಗೊಂದು ಸನ್ಮಾನ ಮಾಡುವುದೆಂದು ಠರಾಯಿಸಿದೆವು. ಶಾಲು, ಹಾರ, ಹಣ್ಣು ಪೇಟೆಯಲ್ಲಿ ಸಿಗುತ್ತವೆ. ಮಾನಪತ್ರ ಸಿಗುವುದಿಲ್ಲ, ಯಾರಾದರೂ ಬರೆಯಬೇಕು. ಯಾರಾದರೊಬ್ಬ ಮಾಸ್ತರರ ಹತ್ತಿರ ಬರೆಸೋಣ ಎಂದರು ಕೆಲವರು. ನನಗೆ ಸಿಟ್ಟು ಬಂತು. ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟರೇನು, ತಿಮ್ಮಪ್ಪ ಮೇಸ್ತ್ರಿಯ ಕೈಗುಣ ಮಾಸ್ತರರಿಗೆ ಗೊತ್ತೋ, ನನಗೆ ಗೊತ್ತೋ? "ನಾನೇ ಬರೀತೆ. ಟೈಪೂ ನಾನೇ ಮಾಡ್ತೆ" ಎಂದುಬಿಟ್ಟೆ. ಬರೆಯುತ್ತೇನೆ ಎಂದಿದ್ದು ಅಭಿಮಾನದಿಂದ. ಟೈಪು ಎಂಬ ಮಾತು ಮಾತ್ರ ಎಲ್ಲಿಂದ ಬಂತೋ ತಿಳಿಯದು.

ಮಗಳ ಲ್ಯಾಪ್‌ಟಾಪ್ ತೆರೆದು ಕೂತೆ. ಶುರುವಿಗೆ ಎರಡು ಗಂಭೀರ ಸಾಲು ಇರಲಿ ಎಂದು ಇಂಟರ್‌ನೆಟ್ಟಿನಲ್ಲಿ ಸಿಕ್ಕ ಯಾವುದೋ ಮಾನಪತ್ರದಿಂದ ಕಿತ್ತು ತಂದು ಅಂಟಿಸಿದೆ. ಸಾಲಿನ ಜೊತೆಗೆ ಅದರ ನೀಲಿ ಅಕ್ಷರವೂ ಬೂದಿ ಬಣ್ಣದ ಹಿನ್ನೆಲೆಯೂ ಬಂದವು. ಅಷ್ಟೇ ಅಲ್ಲ, ಕೆಳಗೆ ನಾನು ಸ್ವಂತ ಬರೆದದ್ದೂ ನೀಲಿಯಾಗುತ್ತ ಹೋಯಿತು. ಮೇಸ್ತ್ರಿಯ ಮೊದಲ ಗುಣಕ್ಕೆ ಒಂದು ಎಂದು ನಂಬರು ಹಾಕಿದೆ. ಲ್ಯಾಪ್‌ಟಾಪಿನ ಆ ಆಳು ಸಾಲನ್ನೇ ಒಳಕ್ಕೆ ತಳ್ಳಿ, ಕೆಳಗೆ ತಾನೇ ಎರಡು ಎಂದು ಬರೆದು, "ಹೂಂ, ಇನ್ನೊಂದು ಗುಣ ಹೇಳು" ಎಂಬಂತೆ ಕಾದು ಕೂತಿತು. ಅದರ ಉಮೇದನ್ನು ಮೆಚ್ಚಲೇಬೇಕು. ನನ್ನ ಆಳುಗಳಲ್ಲಿ ಒಬ್ಬನಿಗಾದರೂ ಅಷ್ಟು ಉಮೇದಿದ್ದರೆ ನಾನು ಮಾಳಿಗೆ ಮನೆ ಕಟ್ಟಿಕೊಳ್ಳುತ್ತಿದ್ದೆ.

ಇವೆಲ್ಲ ಸಹಿಸಿದೆ. ಸಹಿಸಲಾಗದ್ದು ಕೆಂಪು ಗೆರೆ. ಶಾಲೆಯಲ್ಲಿ ನನ್ನ ಪಾಟಿಯ ಮೇಲೆ ಬೀಳುತ್ತಿದ್ದದ್ದು ಬರೀ ಅಡ್ಡಗೀರು. ಇಲ್ಲಿ ಒಂದೊಂದು ಪದದ ಕೆಳಗೂ ಎರೆಹುಳದ ಹಾಗೆ ನುಲಿದ ಗೆರೆ. ತಪ್ಪು ಬರೆದೆನೆಂದು ಪದ ಬದಲಾಯಿಸುತ್ತ ಹೋದೆ. ಎಷ್ಟು ತಿದ್ದಿದರೂ ಗೆರೆ ಹೋಗಲಿಲ್ಲ. ಗೆರೆ ಬೀಳದ ಪದ ಒಂದೇ ಒಂದು, ಇಂಗ್ಲಿಷಿನಲ್ಲಿ ಬರೆದಿದ್ದ ಸಿಮೆಂಟು. ಕೊನೆಗೆ ಮೇಸ್ತ್ರಿಯ ಹೆಸರಿನ ಮೇಲೇ ಕೈ ಹಾಕಿದೆ. ತಿಮ್ಮಪ್ಪ ಹೋಗಿ ತಿಮ್ಮಪ ಆಯಿತು, ಆಮೇಲೆ ಬರೀ ತಿಮ್ಮ.

ಹಿಂದೆ ನಿಂತಿದ್ದ ಹೆಂಡತಿ ಓದಿದಳು. "ಎಂತ ಇದು, ಸನ್ಮಾನವಾ, ಮರ್ಯಾದೆ ತೆಗೆಯೂದಾ? ತಿಮ್ಮ ಅಂತ ಓದಿದ್ರೆ ಅವ್ರು ಶಾಲು ಬಿಸಾಕಿ ಶಿರಾಲಿ ಬಸ್ಸು ಹತ್ತೂದೇಯ!"

ಸನ್ಮಾನ ಅದೇ ಸಂಜೆ. ಮಾನಪತ್ರ ಅಷ್ಟರೊಳಗೆ ಗಾಜಿನ ಚೌಕಟ್ಟು ಸೇರಬೇಕು. ಗುರುವಿನ ಮಾನ ಒಂದು ಕಡೆ, ನಾಲ್ಕು ಜನರ ಮುಂದೆ ಆಡಿದ ನನ್ನ ಮಾತು ಇನ್ನೊಂದು ಕಡೆ. ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊನ್ನಾವರಕ್ಕೆ ಓಡಿದೆ. ಅಲ್ಲಿ ಟೈಪಿಂಗ್ ಅಂಗಡಿಯ ನಾಗವೇಣಿ ಪರದೆ ನೋಡಿದವಳೇ ನಗತೊಡಗಿದಳು.

"ಇದು ಮಾನಪತ್ರವಾ ಮೇಸ್ತ್ರೆ, ಯಕ್ಷಗಾನದ ವೇಷವಾ?"

"ನಗಬೇಡ ತಂಗಿ. ನೀಲಿ ಬಣ್ಣ ಹೋದ್ರೂ ಅಡ್ಡಿಲ್ಲ, ಮೊದ್ಲು ಆ ಕೆಂಪು ಗೆರೆ ತೆಗಿ. ಬರೆದದ್ದೆಲ್ಲ ತಪ್ಪಂತೆ."

"ತಪ್ಪು ನಿಮ್ಮದಲ್ಲ. ಅದಕ್ಕೆ ಕನ್ನಡ ಬರೂದಿಲ್ಲ. ನಿಮಗೆ ಬರ್ತದೆ" ಎಂದು ಅವಳು ಒಂದು ಗುಂಡಿ ಒತ್ತಿದ್ದೇ ಕೆಂಪು ಗೆರೆಯೆಲ್ಲ ಮಾಯ.

ಆ ಮಾತಿಗೆ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಆದರೆ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವಳು ಇನ್ನೊಂದು ಗುಂಡಿ ಒತ್ತಿದಳು ನೋಡಿ, ಗಿಲಾವು ಕೆದರಿದ ಗೋಡೆಯ ಹಾಗೆ ನನ್ನ ಕೆಲಸದ ಒಳಗುಟ್ಟೆಲ್ಲ ಹೊರಬಿತ್ತು. ಮೇಸ್ತ್ರಿಯ ಹೆಸರಿನ ಎಡಕ್ಕೆ ಸಾಲುಸಾಲು ಚುಕ್ಕೆ.

"ಇದೆಂತ, ಇರುವೆಯಾ?"

"ನೀವೇ ಒತ್ತಿದ ಖಾಲಿ ಜಾಗ. ಹೆಸ್ರನ್ನ ಮಧ್ಯಕ್ಕೆ ತರೂಕೆ ಒಂದೊಂದೇ ನೂಕಿದ್ರಿ ಅಲ್ದಾ? ಗೋಡೆನೂ ಹಿಂಗೇ ನೂಕಿ ನೂಕಿ ನಿಲ್ಸೂದಾ?"

ಕಲ್ಲು ವಾಲಿದರೆ ಕೆಳಗೆ ಚೂರು ಚಕ್ಕೆ ತುರುಕಿ ಮೇಲೆ ಗಾರೆ ಮೆತ್ತುವವನನ್ನು ನಾನು ಕೆಲಸದಿಂದಲೇ ಬಿಡಿಸುತ್ತೇನೆ. ನಾನು ಮಾಡಿದ್ದೂ ಅದೇ ಚಕ್ಕೆಯ ಕೆಲಸ. ಸ್ಟೂಲು ಎಳೆದುಕೊಂಡು ಕೂತೆ. ಅವಳು ಇಡೀ ಪುಟವನ್ನು ಒಮ್ಮೆ ಹಿಡಿದು ಏನೋ ಒತ್ತಿದಳು. ನೀಲಿ, ಬೂದಿ, ಕರೆಯದೆ ಬಂದ ನಂಬರು ಎಲ್ಲ ಹೋಗಿ ಪುಟ ಗುಡಿಸಿದ ಅಂಗಳದಂತಾಯಿತು. ಇನ್ನೊಮ್ಮೆ ಒತ್ತಿದ್ದಕ್ಕೆ ಹೆಸರು ತಾನಾಗಿ ನಟ್ಟನಡುವೆ ಹೋಗಿ ನಿಂತಿತು. ತಿಮ್ಮನನ್ನು ಮತ್ತೆ ತಿಮ್ಮಪ್ಪ ಮಾಡಿದಳು. ಬೆರಳು ಓಡುತ್ತಲೇ ಇದ್ದವು, ಬಾಯಿ ನನ್ನನ್ನು ಛೇಡಿಸುತ್ತಲೇ ಇತ್ತು. ಒಳ್ಳೆಯ ಕೆಲಸಗಾರರನ್ನು ನೋಡುತ್ತ ಕೂರುವುದೇ ಒಂದು ಸುಖ. ಹೋದ ಮಾನದ ನೆನಪೂ ಆಗಲಿಲ್ಲ. "ಸಂಜೆಗೆ ನೀನೂ ಬಾ" ಎಂದು ಕರೆದೇ ಹೊರಟೆ.

ಸಂಜೆ ಹಳದೀಪುರದಲ್ಲಿ ಜನ ಸೇರಿದರು. ನಾನು ಗಂಟಲು ಸರಿ ಮಾಡಿಕೊಂಡು ಮಾನಪತ್ರ ಓದಿ ತಿಮ್ಮಪ್ಪ ಮೇಸ್ತ್ರಿಯ ಕೈಗಿಟ್ಟೆ. ಅವರು ಓದಲಿಲ್ಲ. ಚೌಕಟ್ಟನ್ನು ಕಣ್ಣಿನ ಮಟ್ಟಕ್ಕೆತ್ತಿ, ಒಂದು ಕಣ್ಣು ಮುಚ್ಚಿ, ಕಟ್ಟಿದ ಗೋಡೆ ನೋಡುವಂತೆ ಸಾಲುಗಳನ್ನು ನೋಡಿದರು.

"ಸಾಲು ನೇರ ಅದೆ. ಯಾರು ಮಾಡ್ದದ್ದು?"

"ನಾನೇ" ಎಂದೆ. ಎರಡನೇ ಸಾಲಿನಲ್ಲಿ ಕೂತಿದ್ದ ನಾಗವೇಣಿ ಕೆಮ್ಮಿದಳು. ಪಕ್ಕದಲ್ಲಿದ್ದ ನನ್ನ ಹೆಂಡತಿಗೂ ಕೆಮ್ಮು ಬಂತು. "ಅಂದ್ರೆ, ಮಾತು ನಂದು. ಸಾಲು ನೇರ ಮಾಡಿದ್ದು ಆ ತಂಗಿ" ಎಂದೆ.

"ಹಂಗಾದ್ರೆ ಮೇಸ್ತ್ರಿ ಅವಳು" ಎಂದರು ಗುರುಗಳು, ಶಾಲು ಸರಿಪಡಿಸಿಕೊಳ್ಳುತ್ತ. "ನೀನು ಕಲ್ಲು ಹೊತ್ತವ."

ಜನ ಚಪ್ಪಾಳೆ ತಟ್ಟಿದರು. ಯಾರಿಗೆಂದು ವಿಚಾರಿಸಲು ಹೋಗದೆ ನಾನೂ ತಟ್ಟಿದೆ.