ಬಣವೆಯ ಬಾಣಂತಿ

ನಾನು ಒಮ್ಮೆ ಮನಸ್ಸು ಮಾಡಿದೆನೆಂದರೆ ಮುಗಿಯಿತು! ಸಾಕ್ಷಾತ್ ಶಿವನೇ ಇಳಿದು ಬಂದು ಗದ್ದ ಹಿಡಿದು ಬೇಡಿಕೊಂಡರೂ ಹಿಂದೆ ಸರಿಯುವ ಗಂಡಸಲ್ಲ. ಕಮತಗಿಯ ಕನ್ನಡ ಸಾಲೆಯ ಹೆಡ್‌ಮಾಸ್ತರ ಸಂಗಯ್ಯ ಎಂಥವನೆಂಬುದು ಹುನಗುಂದ ತಾಲೂಕಿಗೆಲ್ಲ ಗೊತ್ತು. ಗೊತ್ತಿಲ್ಲದವಳು ಒಬ್ಬಳೇ, ನನ್ನ ಹೆಂಡತಿ ಗುರುಲಿಂಗವ್ವ.

ಆ ವರ್ಷ ಬಾಗಲಕೋಟೆಯಲ್ಲಿ ಮಾಸ್ತರರ ಸಭೆ ಕೂಡಿತ್ತು. ಸಾಲೆಗಳ ತಪಾಸಣೆ ಮಾಡುವ ದಿಪೋಟಿ ಸಾಹೇಬರ ಮೇಜಿನ ಮೇಲೆ ಒಂದು ದಪ್ಪನೆಯ ಬುಕ್ಕು. ಯಾವಳೋ ಬಿಳಿ ದೊರೆಸಾನಿ ಹೂವು, ಎಲೆ, ಪುಕ್ಕ, ಪಾತರಗಿತ್ತಿಯ ರೆಕ್ಕೆ ಎಲ್ಲವನ್ನೂ ಹಾಳೆಗೆ ಅಂಟಿಸಿ, ಪಕ್ಕದಲ್ಲಿ ಎರಡೆರಡು ಸಾಲು ಬರೆದಿದ್ದಳು. ಅದಕ್ಕೆ ಸ್ಕ್ರ್ಯಾಪ್ ಬುಕ್ಕು ಅನ್ನುತ್ತಾರಂತೆ.

"ನೋಡ್ರಿ ಮಾಸ್ತರ, ಕೆಲಸ ಅಂದ್ರ ಇದು. ನಮ್ಮವರ ಕೈಲೆ ಆಗೂದಿಲ್ಲ," ಎಂದರು ಸಾಹೇಬರು.

ಆಗುವುದಿಲ್ಲವೇ! ನನ್ನ ಮೈಯೆಲ್ಲ ಉರಿದುಹೋಯಿತು.

"ಇದೇನು ದೊಡ್ಡದ್ರೀ ಸಾಹೇಬ್ರ? ಬರೇ ಪುಕ್ಕ ಯಾರರೆ ಹಚ್ಚತಾರ. ನಾ ಒಂದು ಹಕ್ಕಿ ಸಂಸಾರನ ಗೂಡಿನಿಂದ ಹಿಡದು ಮರಿ ಹಾರೂಮಟಾ ಹಾಳಿಗೆ ಹಚ್ಚಿ ತೋರಸ್ತೇನಿ!"

"ಹಂಗಾದ್ರ ಮಣ್ಣೆತ್ತಿನ ಅಮಾಸಿ ಆದಮ್ಯಾಲೆ ನಿಮ್ಮೂರಿಗೆ ಬರ್ತೇನಿ, ತೋರಸ್ರಿ. ಛಲೋ ಇದ್ರ ವಿಜಾಪುರದ ಕಲೆಕ್ಟರ್ ಸಾಹೇಬ್ರ ಮುಂದ ಇಡ್ತೇನಿ."

ತಾಲೂಕಿನ ಅಷ್ಟೂ ಮಾಸ್ತರರು ಕೇಳಿಸಿಕೊಂಡರು. ಇನ್ನು ಬುಕ್ಕು ಆಗಲೇಬೇಕು, ಇಲ್ಲದಿದ್ದರೆ ನಾನು ರುಮಾಲು ಸುತ್ತಿಕೊಂಡು ಬಾಗಲಕೋಟೆಯಲ್ಲಿ ತಿರುಗುವಂತಿಲ್ಲ.

ಮಾತನ್ನೇನೋ ಕೊಟ್ಟು ಬಂದೆ, ಹಕ್ಕಿ ಎಲ್ಲಿ? ಗುಬ್ಬಿಯನ್ನು ಕಲೆಕ್ಟರರ ಮುಂದೆ ಇಡುವುದೇ? ಇದೇ ಚಿಂತೆಯಲ್ಲಿ ಒಂದು ಮುಂಜಾನೆ ಕೂತಿದ್ದೆ. ಹಿತ್ತಲಿನಿಂದ ಗುರುಲಿಂಗವ್ವ ಚೀರಿದಳು.

"ಅಯ್ಯಯ್ಯ, ಬರ್ರೀ! ಬಣಿವ್ಯಾಗ ಹಾವು ಐತಿ! ಬುಸ್ ಅಂತು!"

ಎಮ್ಮೆಗೆ ಹಾಕಲು ಜೋಳದ ಕಣಿಕೆ ಹಿರಿಯಲು ಹೋಗಿದ್ದಳು. ಕೋಲು ಹಿಡಿದು ಓಡಿದೆ. ಬಗ್ಗಿ ನೋಡುತ್ತೇನೆ, ಹಾವೆಲ್ಲಿಯದು! ಬಣವೆಯ ಬುಡದ ಪೊಟರೆಯಲ್ಲಿ ಮಲಪ್ರಭೆಯ ದಂಡೆ ಬಿಟ್ಟು ಬಂದ ಕಾಡು ಬಾತುಕೋಳಿ! ಕರಿಯ ಕೊಕ್ಕು, ಅದರ ತುದಿಗೆ ಅರಿಸಿನ ಹಚ್ಚಿದಂತೆ ಹಳದಿ. ಹೊಟ್ಟೆಯ ಕೆಳಗೆ ಬೂದುಬಿಳಿ ತತ್ತಿಗಳು. ಮಳೆ ಈಗಷ್ಟೇ ಹನಿದು ಹೊಳೆದಂಡೆಯ ಹುಲ್ಲು ಇನ್ನೂ ಚಿಗುರಿರಲಿಲ್ಲ, ಅದಕ್ಕೇ ನಮ್ಮ ಮನೆ ಹುಡುಕಿಕೊಂಡು ಬಂದಿದೆ. ನನ್ನ ಪುಣ್ಯ ನೋಡಿರಿ!

"ಕೇಳಿಲ್ಲೆ," ಎಂದೆ ಕೋಲು ಬಿಸಾಕಿ. "ಇವತ್ತಿನಿಂದ ಈ ಬಣಿವಿ ಯಾರೂ ಮುಟ್ಟೂ ಹಂಗಿಲ್ಲ!"

"ಎಮ್ಮಿಗೇನು ನಿಮ್ಮ ರುಮಾಲ ಹಾಕ್ಲ್ಯಾ?"

"ಬಾಣಂತಿ ಬಂದಾಳ ಮನಿಗೆ. ಬಾಣಂತೀನ ಹೊರಗ ಹಾಕ್ತೀಯೇನ?"

"ತತ್ತಿ ಇನ್ನೂ ಒಡದೇ ಇಲ್ಲ, ಬಾಣಂತಿ ಹೆಂಗ ಆದ್ಲು? ಬಸರಿ ಅನ್ರಿ. ಖರೇ ಬಾಣಂತಿ ಅಲ್ಲಿ ಗ್ವಾದ್ಲ್ಯಾಗ ನಿಂತಾಳ!"

ಅವಳು ಹೇಳಿದ್ದು ಮೇವಿನ ಗೋದಲಿಯ ಮುಂದೆ ನಿಂತಿದ್ದ ನಮ್ಮ ಎಮ್ಮೆಯನ್ನು. ಮೊನ್ನೆಯಷ್ಟೇ ಈದಿತ್ತು. ನಡೆಯುವ ಠೀವಿಗೆ ಅದಕ್ಕೆ ಗೌಡಸಾನಿ ಎಂದು ಹೆಸರು. ಸಾಲೆಯಲ್ಲಿ ನೂರು ಹುಡುಗರ ಬಾಯಿ ಮುಚ್ಚಿಸುವವನು ನಾನು. ಅದೇ ದನಿಯಲ್ಲಿ ಹೆಂಡತಿಯನ್ನೂ ಗದರಿಸಿದೆ. ಬಾತುಕೋಳಿ ಉಳಿಯಿತು.

ಆ ದಿನದಿಂದ ನನ್ನ ಗೋಳು ಸುರುವಾಯಿತು. ಗುರುಲಿಂಗವ್ವ ನೆರೆಮನೆಯ ಲಗಮವ್ವನ ಹತ್ತಿರ ಮೇವು ಕಡ ತರುವುದು, ಗೌಡಸಾನಿ ಅದನ್ನು ಮೂಸಿ ಮುಖ ತಿರುವುವುದು. ಪಕ್ಕದಲ್ಲೇ ಗುಡ್ಡದಂಥ ಬಣವೆ ಕಾಣುತ್ತಿರುವಾಗ ಕಡದ ಮೇವು ಯಾರಿಗೆ ಬೇಕು? ಹಾಲು ಹಿಂಡಲು ಕೂತರೆ ಹಾಲು ಇಳಿಸುವುದಿಲ್ಲ, ಕಾಲು ಮಾತ್ರ ಎತ್ತುತ್ತದೆ. ಊಟಕ್ಕೆ ಕೂತು ಬಾಯಿ ತಪ್ಪಿ ಕೇಳಿದೆ.

"ಮೊಸರು?"

"ಬಣಿವ್ಯಾಗ ಐತಿ, ಹಿರಕೊಂಡ ಬರ್ರಿ."

ಒಣ ರೊಟ್ಟಿಯನ್ನು ನೀರು ಕುಡಿದು ನುಂಗಿದೆ. ಒಂದು ದಿನ ನಾನು ಸಾಲೆಗೆ ಹೋದ ಹೊತ್ತು ನೋಡಿ ಅವಳು ಬಣವೆಯ ಬುಡದಲ್ಲಿ ಗೂಡಿನ ಪಕ್ಕದಿಂದ ಒಂದಿಷ್ಟು ಕಣಿಕೆ ಹಿರಿದಳು. ಬಣವೆ ಗೂಡಿನ ಕಡೆಗೇ ವಾಲಿತು! ಬಾತುಕೋಳಿಯ ತಲೆಯ ಮೇಲೆ ಬೀಳುವುದೊಂದೇ ಬಾಕಿ. ನಾನು ಬಂದವನೇ ಮಲಗುವ ಹೊರಸನ್ನು ಎತ್ತಿ ತಂದು ಅದಕ್ಕೆ ಆನಿಸಿ ನಿಲ್ಲಿಸಿದೆ. ಮುಂದೆ ಬಾತುಕೋಳಿ ಸುಖವಾಗಿ ಕಾವು ಕೂತಿತು, ನಾನು ನೆಲದ ಮೇಲೆ ಮಲಗಿ ಸೊಂಟ ಹಿಡಿಸಿಕೊಂಡೆ.

ಇನ್ನು ಹಕ್ಕಿಯನ್ನು ನೋಡುವ ಕೆಲಸ. ಮನುಷ್ಯನ ಸುಳಿವು ಸಿಕ್ಕರೆ ಗೂಡು ಬಿಟ್ಟು ಹೋದೀತೆಂದು ಕಂಬಳಿ ಹೊದ್ದು, ತಲೆಗೆ ಕಣಿಕೆ ಸಿಕ್ಕಿಸಿಕೊಂಡು ಬಣವೆಯ ಎದುರು ಕುಕ್ಕರಗಾಲಲ್ಲಿ ಕೂತೆ. ಉಸಿರೂ ಬಿಡದೆ ನೋಡುತ್ತಿದ್ದೇನೆ, ಹಿಂದಿನಿಂದ ಯಾರೋ ತಲೆ ಜಗ್ಗಿದರು. ಗೌಡಸಾನಿ! ಕೊರಳ ಹಗ್ಗ ನಿಲುಕುವಷ್ಟೂ ಚಾಚಿ ನನ್ನ ತಲೆಯ ಮೇಲಿನ ವೇಷವನ್ನು ಮೇಯುತ್ತಿತ್ತು. ಗೋಡೆಯಾಚೆಯಿಂದ ಲಗಮವ್ವ ಇಣುಕಿದಳು.

"ಅಯ್ಯಾರಿಗೆ ಮೈಯಾಗ ಹುಷಾರಿಲ್ಲೇನ, ಗುರುಲಿಂಗವ್ವ?"

"ಮೈಯಾಗ ಹುಷಾರ ಅದಾರ ಯವ್ವಾ. ತಲಿಯಾಗ ಕಣಿಕಿ ಐತಿ!"

ಎಮ್ಮೆಯ ಹಸಿವು ಎಂಥದೆಂದು ಅಂದೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ತಲೆ ಒರೆಸಿಕೊಂಡು ಹಾಳೆ ತಯಾರಿಸಲು ಕೂತೆ.

ದಪ್ಪ ಹಾಳೆಗಳೇನೋ ಇದ್ದವು, ಅಂಟಿಗೆ ಏನು ಮಾಡುವುದು? ಕಮತಗಿಯ ಅಂಗಡಿಗಳಲ್ಲಿ ಗೋಂದು ಸಿಗಲಿಲ್ಲ. ಸೀರೆ ನೇಯುವ ಗೆಳೆಯ ಮುರ್ತುಜಸಾಬನ ಮನೆಗೆ ಹೋದೆ. ಓಣಿಯುದ್ದಕ್ಕೂ ನೂಲು ಚಾಚಿ ಗಂಜಿ ಹಚ್ಚುತ್ತಿದ್ದ.

"ಗೋಂದ ಯಾಕ ಬೇಕ್ರಿ ಮಾಸ್ತರ್ರ? ಈ ಗಂಜೀನ ಒಯ್ರಿ. ಜ್ವಾಳದ ಹಿಟ್ಟು ಕುದಿಸಿ ಒಂದೀಟು ಎಣ್ಣಿ ಬಿಟ್ಟೇನಿ. ಹಚ್ಚಿ, ಹಿಂಗ ಹಗ್ಗಕ್ಕ ಚಾಚಿ ಗಾಳಿಗೆ ಬಿಡ್ರಿ. ಇಲಕಲ್ಲ ಸೀರಿ ಹಂಗ ಖಡಕ್ ಆಗ್ತಾವ ನಿಮ್ಮ ಹಾಳಿ!"

ಖರೆ, ಖಡಕ್ಕಾದವು! ಮೊದಲ ಹಾಳೆ, 'ಅರಮನೆಯ ಅಸ್ತಿಭಾರ': ಜೋಳದ ಕಣಿಕೆಯ ಎಲೆಗಳು. ಎರಡನೆಯದು, 'ಮಹಾರಾಣಿಯ ಸುಪ್ಪತ್ತಿಗೆ': ಮೆತ್ತನೆಯ ಹುಲ್ಲು, ನಡುವೆ ನಾಲ್ಕು ಪುಕ್ಕ. ಮುಂದಿನದು, 'ಮಹಾರಾಣಿಯ ಪಾಕಶಾಲೆ': ಹೊಳೆದಂಡೆಯ ಎಳೆ ಚಿಗುರು, ಹುಲ್ಲಿನ ತೆನೆ. ಎಲ್ಲದರ ಮೇಲೂ ಎಣ್ಣೆ ಬಿಟ್ಟ ಜೋಳದ ಗಂಜಿ. ಓದುವ ನಿಮಗೆ ಇಷ್ಟರಲ್ಲೇ ಏನೋ ಹೊಳೆದಿರಬೇಕು. ಹೆಡ್‌ಮಾಸ್ತರನಾದ ನನಗೆ ಹೊಳೆಯಲಿಲ್ಲ!

ಅಮಾವಾಸ್ಯೆ ಕಳೆಯಿತು. ನಾಳೆ ಬರುತ್ತೇನೆಂದು ದಿಪೋಟಿ ಸಾಹೇಬರು ಹೇಳಿ ಕಳಿಸಿದರು. ನನ್ನ ನಸೀಬು ನೋಡಿರಿ, ಅದೇ ಮುಂಜಾನೆ ಬಾತುಕೋಳಿ ಮರಿಗಳನ್ನು ಕರೆದುಕೊಂಡು ಬಣವೆಯಿಂದ ಹೊರಬಿತ್ತು. ಹಳದಿ ಕಂದು ಉಂಡೆಗಳು, ತಾಯಿಯ ಹಿಂದೆ ಸಾಲಾಗಿ ತಪ್ಪುಹೆಜ್ಜೆ ಇಡುತ್ತ ಹೊಳೆಯ ಕಡೆಗೆ ಹೊರಟವು. ನಾನು ನೀರಿನವರೆಗೂ ಹೋಗಿ ನಿಂತೆ. ಒಂದೊಂದಾಗಿ ನೀರಿಗಿಳಿದು ತೇಲಿ ಹೋದವು. ಕಾಣುವಷ್ಟು ದೂರ ಕೈ ಬೀಸಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ತಿರುಗಿ ನೋಡಿದರೆ ಗುರುಲಿಂಗವ್ವನೂ ಬಂದಿದ್ದಳು.

"ಹುಷಾರ ಹೋಗಿ ಬಾ ನಮ್ಮವ್ವಾ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮರುಗಳಿಗೆಯೇ ನನ್ನ ಕಡೆ ತಿರುಗಿ, "ಇನ್ನರೆ ನನ್ನ ಬಣಿವಿ ನನಗ ಕೊಡ್ತೀರೇನು?" ಎಂದಳು.

"ತಗೊ, ಇಡೀ ಬಣಿವಿ ತಗೊ!" ಎಂದೆ ಉದಾರವಾಗಿ.

ಒಡೆದ ಚಿಪ್ಪುಗಳನ್ನು ಆಯ್ದು ಕೊನೆಯ ಹಾಳೆಗೆ ಹಚ್ಚಿದೆ. ಹಳೆಯ ಹಾಳೆಗಳ ಮೂಲೆ ಎದ್ದಿದ್ದವು, ಅವಕ್ಕೂ ಮತ್ತೊಮ್ಮೆ ಗಂಜಿ ಬಳಿದೆ. ಮುರ್ತುಜಸಾಬನ ನೂಲಿನಂತೆ ಎಲ್ಲವನ್ನೂ ಹಿತ್ತಲಿನ ಹಗ್ಗಕ್ಕೆ ಸಾಲಾಗಿ ಇಳಿಬಿಟ್ಟೆ. ಮರುದಿನ ಅವು ಇನ್ನೂ ತುಸು ಹಸಿಯಾಗಿದ್ದವು. ಬಿಸಿಲಿಗೆ ಒಣಗಲೆಂದು ಅಲ್ಲೇ ಬಿಟ್ಟು, ರುಮಾಲು ಸುತ್ತಿ, ಸಾಹೇಬರನ್ನು ಎದುರುಗೊಳ್ಳಲು ಚಾವಡಿಗೆ ಹೋದೆ.

ಮನೆಯವರೆಗೆ ದಾರಿಯುದ್ದಕ್ಕೂ ನನ್ನ ಬಾಯಿಗೆ ಬಿಡುವಿರಲಿಲ್ಲ. "ಆ ದೊರಿಸಾನಿ ಬುಕ್ಕ ಇದರ ಮುಂದ ಏನೂ ಅಲ್ರಿ ಸಾಹೇಬ್ರ! ನೋಡಿದ್ರ ನೀವು ಕುಂತಲ್ಲಿಂದ ಏಳೂದಿಲ್ಲ!" ಎನ್ನುತ್ತ ಹಿತ್ತಲಿನ ಬಾಗಿಲು ತೆರೆದೆ.

ಹಗ್ಗ ಬೋಳಾಗಿತ್ತು. ಕೆಳಗೆ ಗೌಡಸಾನಿ ಅರ್ಧ ಕಣ್ಣು ಮುಚ್ಚಿ ನಿಂತಿದ್ದಳು. ಬಾಯಿಂದ ಕೊನೆಯ ಹಾಳೆಯೊಂದು ಇಳಿಬಿದ್ದಿತ್ತು. 'ಮಹಾರಾಣಿಯ' ಎಂಬಷ್ಟು ಓದಲು ಬಂತು. ನಾವು ನೋಡುತ್ತಿದ್ದಂತೆಯೇ ಅದೂ ಒಳಗೆ ಹೋಯಿತು. ಮೂತಿಗೆ ಒಂದು ಪುಕ್ಕ ಅಂಟಿತ್ತು. ಚಿಪ್ಪುಗಳನ್ನು ಮಾತ್ರ ಉಗುಳಿದ್ದಳು.

"ಮಾಸ್ತರ, ಬುಕ್ಕು?" ಎಂದರು ಸಾಹೇಬರು.

ಅಷ್ಟರಲ್ಲಿ ಹಾಲಿನ ಚರಿಗೆ ಹಿಡಿದು ಹಿತ್ತಲಿಗೆ ಬಂದ ಗುರುಲಿಂಗವ್ವ ಸಾಹೇಬರನ್ನು ಕಂಡು ಸೆರಗೆಳೆದುಕೊಂಡಳು. ಸಿಟ್ಟೆಲ್ಲ ಅವಳ ಮೇಲೆ ಹರಿಯಿತು.

"ಏ, ಯಾಕ ಬಿಚ್ಚಿದಿ ಎಮ್ಮೀನ!"

"ಇಡೀ ಬಣಿವಿ ತಗೊ ಅಂದ್ರೆಲ್ಲ! ಹೊಟ್ಟಿ ತುಂಬ ಮೇಯಲೆಂತ ಬಿಚ್ಚಿ, ಚರಗಿ ತರಾಕ ಒಳಗ ಹೋಗಿದ್ದೆ," ಎಂದಳು ಸಣ್ಣ ದನಿಯಲ್ಲಿ.

"ಬಣಿವಿ ಬಿಟ್ಟು ಹಾಳಿ ತಿಂದೈತಲ್ಲ!"

"ಎಣ್ಣಿ ಹಚ್ಚಿದ್ದು ಮುಂದಿರೂವಾಗ ಒಣಾದ್ದು ಯಾಕ ತಿನ್ನಬೇಕ್ರಿ? ಅದೇನು ಹೆಡ್‌ಮಾಸ್ತರ ಏನು?"

ಸಾಹೇಬರು ಕೆಮ್ಮಿದರು. ನಗು ನುಂಗಿದ್ದೆಂದು ನನಗೆ ಗೊತ್ತು. ಅವರನ್ನು ಮುಂದಿನ ಕಟ್ಟೆಯ ಮೇಲೆ ಕೂಡಿಸಿ, ನಾನು ಭೂಮಿ ಬಾಯಿ ತೆರೆಯಲೆಂದು ಕಾಯುತ್ತ ನಿಂತೆ. ಅತ್ತ ಹಿತ್ತಲಿನಲ್ಲಿ ಜರ್ ಜರ್ ಎಂದು ಚರಿಗೆಗೆ ಹಾಲು ಬೀಳುವ ಸಪ್ಪಳ! ಇಷ್ಟು ದಿನ ಕಾಲೆತ್ತುತ್ತಿದ್ದ ಗೌಡಸಾನಿ ಇಂದು ಚರಿಗೆ ತುಂಬಿ ನೊರೆ ಚೆಲ್ಲುವಂತೆ ಹಾಲು ಇಳಿಸಿದ್ದಳು. ಬೆಲ್ಲ ಹಾಕಿ ಕಾಸಿದ ಹಾಲು ಕಂಚಿನ ಬಟ್ಟಲಲ್ಲಿ ಹೊರಗೆ ಬಂತು. ಸಾಹೇಬರು ಕುಡಿದು ಮೀಸೆ ಒರೆಸಿಕೊಂಡರು.

"ಆಹಾ, ಎಂಥಾ ಹಾಲು ಮಾಸ್ತರ! ಬಾಗಲಕೋಟ್ಯಾಗ ನೀರ ಕುಡದು ಕುಡದು ಸಾಕಾಗಿತ್ತು. ಏನ ಹಾಕ್ತೀರಿ ಈ ಎಮ್ಮಿಗೆ?"

ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಮರೆಯಿಂದ ಗುರುಲಿಂಗವ್ವನ ದನಿ ಬಂತು.

"ಬುಕ್ಕ ಹಾಕ್ತೀವ್ರಿ ಸಾಹೇಬ್ರ! ಇವರ ಕೈಲೆ ಇನ್ನೊಂದು ಬರಸ್ರಿ, ಮುಂದಿನ ಸಲ ನಿಮಗ ತುಪ್ಪಾನೂ ಕೊಟ್ಟು ಕಳಸ್ತೇನಿ!"